ಡಿಸೆಂಬರ್ 16: ಬಾಂಗ್ಲಾದಲ್ಲಿ ರಾಷ್ಟ್ರೀಯ ರಜೆ, ನಮ್ಮಲ್ಲಿ ಯಾಕಿಲ್ಲ? ಈ ದಿನ ಶುರುವಾಗಿದ್ದು ಹೇಗೆ?

ಕಾವೇರಿತೀರ:
ಎಲ್ರಿಗೂ ನಮಸ್ಕಾರ. ಡಿಸೆಂಬರ್ 16 ಬಂತು ಅಂದ್ರೆ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೋ, 1971ರಲ್ಲಿ ಢಾಕಾದಲ್ಲಿ ಮೇಜಿನ ಮುಂದೆ ಕೂತು ಪಾಕಿಸ್ತಾನದ ಪೂರ್ವ ಪಡೆಯ ಮುಖ್ಯಸ್ಥ ನಿಯಾಜಿ ಶರಣಾಗತಿ ಪತ್ರಕ್ಕೆ ಸೈನ್ ಹಾಕ್ತಿರೋದು, ಪಕ್ಕದಲ್ಲಿ ಪೇಟ ಕಟ್ಟಿರೋ ನಮ್ಮ ಜನರಲ್ ಅರೋರಾ. ನೋಡಿದಾಗೆಲ್ಲ ಮೈ ಜುಮ್ ಅನ್ನುತ್ತೆ. ಆದ್ರೆ ಬಾಂಗ್ಲಾದೇಶದಲ್ಲಿ ಅವತ್ತು ಸರ್ಕಾರಿ ರಜೆ, ಬೆಳಗಿನ ಜಾವ 31 ತೋಪು ಹಾರಿಸ್ತಾರೆ, ಊರಿಗೆ ಊರೇ ಬಾವುಟ ಹಿಡಿದು ಬೀದಿಗೆ ಬರುತ್ತೆ. ನಮ್ಮಲ್ಲಿ ವಿಜಯ್ ದಿವಸ್ ಅಂತ ಹೆಸರಿದೆ, ಸ್ಮಾರಕಕ್ಕೆ ಹೂಗುಚ್ಛ ಇಡ್ತಾರೆ, ಅಷ್ಟೇ, ಆಫೀಸು ಸ್ಕೂಲು ಎಲ್ಲ ಮಾಮೂಲಿ. ಈ ದಿನಾನ ರಜೆ ಅಂತ ಮಾಡಿದ್ದು ಯಾರು, ಯಾವಾಗ? ಮತ್ತೆ 16ನೇ ತಾರೀಕೇ ಯಾಕೆ? ಪಶ್ಚಿಮದ ಕಡೆ ಗುಂಡು ನಿಂತಿದ್ದು 17ರ ರಾತ್ರಿ ಅಲ್ವಾ. ಬಾಂಗ್ಲಾಗೆ ಸ್ವಾತಂತ್ರ್ಯ ದಿನ ಅಂತ ಮಾರ್ಚ್ 26 ಬೇರೆ ಇದೆ. ತಿಳಿದೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇರೇಡಿಯೋ:
ಒಳ್ಳೇ ಪ್ರಶ್ನೆ. ಮೊದಲು ಯಾವಾಗ ಅನ್ನೋದು ಹೇಳ್ತೀನಿ. 1972ರ ಜನವರಿ 22ಕ್ಕೆ ಬಾಂಗ್ಲಾ ಸರ್ಕಾರ ಅಧಿಸೂಚನೆ ಹೊರಡಿಸಿ ಡಿಸೆಂಬರ್ 16ನ್ನ ವಿಜಯ ದಿನ ಅಂತ ರಜೆ ಮಾಡಿತು. ಅಂದ್ರೆ ಶರಣಾಗತಿ ಆಗಿ ಇನ್ನೂ ಸರಿಯಾಗಿ ಒಂದೂಕಾಲು ತಿಂಗಳೂ ಆಗಿರಲಿಲ್ಲ! ಆ ಜನವರಿ ಹೇಗಿತ್ತು ನೋಡಿ, 8ಕ್ಕೆ ಬಾಂಗ್ಲಾ ಹೋರಾಟದ ನಾಯಕ ಶೇಖ್ ಮುಜೀಬರನ್ನ ಪಾಕಿಸ್ತಾನ ಬಿಡುಗಡೆ ಮಾಡುತ್ತೆ, ಅವರು ಲಂಡನ್‌ಗೆ ಹೋಗಿ ಅಲ್ಲಿಂದ ದೆಹಲಿಗೆ ಬಂದು 10ಕ್ಕೆ ಢಾಕಾ ತಲುಪ್ತಾರೆ, 12ಕ್ಕೆ ಪ್ರಧಾನಿ ಆಗ್ತಾರೆ, 17ಕ್ಕೆ ಬಾವುಟದ ವಿನ್ಯಾಸ ಪಕ್ಕಾ ಆಗುತ್ತೆ, ಯುದ್ಧದ ಕಾಲದ ಬಾವುಟದಲ್ಲಿ ಕೆಂಪು ವೃತ್ತದೊಳಗೆ ನಾಡಿನ ನಕ್ಷೆ ಇತ್ತು ಅದನ್ನ ತೆಗೆದು ಬರೀ ಕೆಂಪು ವೃತ್ತ ಇಟ್ರು. ಸೇತುವೆಗಳು ಮುರಿದು ಬಿದ್ದಿವೆ, 1 ಕೋಟಿ ನಿರಾಶ್ರಿತರು ಭಾರತದಿಂದ ವಾಪಸ್ ಬರ್ತಿದ್ದಾರೆ, ಖಜಾನೆ ಖಾಲಿ, ಇದರ ನಡುವೆ ಕೂತು ಬಾವುಟ ಯಾವುದು ರಾಷ್ಟ್ರಗೀತೆ ಯಾವುದು ರಜೆ ಯಾವುದು ಅಂತ ತೀರ್ಮಾನ ಮಾಡಿದ್ರು. ಹೊಸ ದೇಶಕ್ಕೆ ಇವು ಅನ್ನ ನೀರಿನಷ್ಟೇ ಬೇಕಾಗಿದ್ದವು ಅನ್ನಿಸುತ್ತೆ ನನಗೆ.

ಇನ್ನು ಮಾರ್ಚ್ 26 ಯಾಕೆ ಬೇರೆ ಅಂದ್ರೆ, 1971ರ ಮಾರ್ಚ್ 25ರ ರಾತ್ರಿ, ಆಗಿನ್ನೂ ಪೂರ್ವ ಪಾಕಿಸ್ತಾನ ಆಗಿದ್ದ ಬಾಂಗ್ಲಾದಲ್ಲಿ ಪಾಕ್ ಸೇನೆ ಆಪರೇಷನ್ ಸರ್ಚ್‌ಲೈಟ್ ಅನ್ನೋ ದಮನ ಕಾರ್ಯಾಚರಣೆ ಶುರು ಮಾಡಿತು, ಢಾಕಾ ಯೂನಿವರ್ಸಿಟಿ ಹಾಸ್ಟೆಲ್‌ಗಳಿಗೆ ನುಗ್ಗಿ ಹುಡುಗರನ್ನ ಕೊಂದ್ರು, ಆ ರಾತ್ರಿ ದಾಟಿದ ಮೇಲೆ ಸ್ವಾತಂತ್ರ್ಯ ಘೋಷಣೆ ಆಯ್ತು. ಹಾಗಾಗಿ ಮಾರ್ಚ್ 26 ಅಂದ್ರೆ ನಾವು ಬೇರೆ ದೇಶ ಅಂತ ಹೇಳಿದ ದಿನ, ಡಿಸೆಂಬರ್ 16 ಅಂದ್ರೆ ಹೇಳಿದ್ದು ಕೈಗೂಡಿದ ದಿನ. ನಡುವೆ ಒಂಬತ್ತು ತಿಂಗಳು.

ಗಡಿನಾಡಿಗ:
ಹಳೇರೇಡಿಯೋ ಅವರೇ ಚೆನ್ನಾಗಿ ಹೇಳಿದ್ರಿ. ಆದ್ರೆ 16 ಅನ್ನೋದು ಯಾರೂ ಕೂತು ಪಂಚಾಂಗ ನೋಡಿ ಇಟ್ಟಿದ್ದಲ್ಲ ಅನ್ನೋದನ್ನೂ ಸೇರಿಸಬೇಕು. ಡಿಸೆಂಬರ್ 3ರ ಸಂಜೆ ಪಾಕ್ ವಿಮಾನಗಳು ನಮ್ಮ ಪಶ್ಚಿಮದ ಏರ್‌ಫೀಲ್ಡ್‌ಗಳ ಮೇಲೆ ಬಾಂಬ್ ಹಾಕಿದಾಗ ಢಾಕಾ ಇಷ್ಟು ಬೇಗ ಬೀಳುತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲ. ಪೂರ್ವ ಕಮಾಂಡ್‌ನ ಚೀಫ್ ಆಫ್ ಸ್ಟಾಫ್ ಆಗಿದ್ದ ಜೇಕಬ್ ಆಮೇಲೆ ಹೇಳಿಕೊಂಡ ಪ್ರಕಾರ ಮೊದಲ ಆದೇಶದಲ್ಲಿ ಒತ್ತು ಇದ್ದಿದ್ದು ಚಿತ್ತಗಾಂಗ್, ಖುಲ್ನಾ ಬಂದರುಗಳ ಮೇಲೆ, ಢಾಕಾ ಗುರಿ ಅಂತ ಸ್ಪಷ್ಟವಾಗಿ ಇರಲೇ ಇಲ್ಲ.

ಆಟ ಬದಲಾಯಿಸಿದ್ದು ಮೇಘನಾ ನದಿ. ಭೈರವ ಬಜಾರ್ ಹತ್ರ ಇದ್ದ ದೊಡ್ಡ ರೈಲ್ವೆ ಸೇತುವೆನ ಪಾಕ್ ಸೇನೆ ಹಿಂದೆ ಸರಿಯುವಾಗ ಉಡಾಯಿಸಿಬಿಡ್ತು, ಇನ್ನು ಭಾರತದ ಸೇನೆ ಇತ್ತ ಕಡೆಯಿಂದ ಬರೋಲ್ಲ ಅಂತ ಅವರ ಲೆಕ್ಕ. ಆ ಕಡೆ ನಮ್ಮ ಪಡೆ ನಡೆಸ್ತಿದ್ದ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಏನ್ ಮಾಡಿದ್ರು ಅಂದ್ರೆ, ಡಿಸೆಂಬರ್ 9ರಿಂದ ಎಂಐ-4 ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನ ತುಂಬಿ ತುಂಬಿ ನದಿ ದಾಟಿಸಿದ್ರು, ಹೋಗೋದು ಇಳಿಸೋದು ಬರೋದು, ರಾತ್ರಿನೂ ಬಿಡಲಿಲ್ಲ. ಅದರ ಜೊತೆಗೆ ಊರಿನ ಜನ ದೋಣಿ ತಂದ್ರು, ಸಾಮಾನು ಹೊತ್ತರು, ದಾರಿ ತೋರಿಸಿದ್ರು. ಈ ಜನರ ಪಾಲು ನಮ್ಮ ಕಡೆಯ ಭಾಷಣಗಳಲ್ಲಿ ಬರೋದೇ ಇಲ್ಲ ಅದು ನನಗೆ ಬೇಜಾರು. ಆಮೇಲೆ 11ಕ್ಕೆ ಟಂಗೈಲ್ ಹತ್ರ 2 ಪ್ಯಾರಾ ಬೆಟಾಲಿಯನ್ ಪ್ಯಾರಾಶೂಟ್‌ನಲ್ಲಿ ಇಳಿದು ಪೂಂಗ್ಲಿ ಸೇತುವೆ ಹಿಡಿಯಿತು. ಆ ಸೀಮೆ ಅಷ್ಟೊತ್ತಿಗಾಗಲೇ ಕಾದರ್ ಸಿದ್ದಿಕಿಯ ಮುಕ್ತಿ ಬಾಹಿನಿ (ಬಾಂಗ್ಲಾದ ವಿಮೋಚನಾ ಪಡೆ) ಹುಡುಗರ ಹಿಡಿತದಲ್ಲಿತ್ತು, ಇಲ್ಲದಿದ್ರೆ ಹಾಗೆ ಶತ್ರು ನಾಡಿನ ನಡುವೆ ಇಳಿಯೋದು ಹುಡುಗಾಟನಾ.

ಮಲೆನಾಡಮಳೆ:
ಅವಸರ ಇದ್ದಿದ್ದು ನ್ಯೂಯಾರ್ಕ್‌ನಿಂದಾಗಿ ಕೂಡ. ವಿಶ್ವಸಂಸ್ಥೆಯಲ್ಲಿ ಕದನ ವಿರಾಮಕ್ಕೆ ಒತ್ತಡ ದಿನಾ ಜಾಸ್ತಿ ಆಗ್ತಿತ್ತು, ಸೋವಿಯತ್ ಒಕ್ಕೂಟ ವೀಟೋ ಮಾಡಿ ಮಾಡಿ ತಡೀತಿತ್ತು, ಅತ್ಲಾಗೆ ಅಮೆರಿಕದ ವಿಮಾನವಾಹಕ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿ ಕಡೆ ಹೊರಟಿತ್ತು. ಢಾಕಾ ಬೀಳೋದಕ್ಕೆ ಮುಂಚೆ ಯುದ್ಧ ನಿಂತಿದ್ರೆ ಈ ವಿಜಯ ದಿನ ಅನ್ನೋದೇ ಇರ್ತಿರಲಿಲ್ಲ, ಅರ್ಧ ಗೆದ್ದು ಮಾತುಕತೆಗೆ ಕೂರಬೇಕಿತ್ತು. ಹಾಗಾಗಿ ಒಂದೊಂದು ದಿನಾನೂ ಲೆಕ್ಕಕ್ಕೆ ಬರ್ತಿತ್ತು.

ಸಂಜೆಗಾಳಿ:
16ರ ದಿನ ಏನಾಯ್ತು ಅಂತ ಯಾರಾದ್ರೂ ಪೂರ್ತಿ ಬರೀರಿ ಪ್ಲೀಸ್. ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಎರಡು ಸಾಲಲ್ಲಿ ಮುಗಿಸಿಬಿಡ್ತಾರೆ.

ಹಳೇರೇಡಿಯೋ:
ಬರೀತೀನಿ ಸಂಜೆಗಾಳಿ ಅವರೇ, ನನಗೆ ತುಂಬಾ ಇಷ್ಟದ ಭಾಗ ಇದು. 14ಕ್ಕೆ ಢಾಕಾದ ಗವರ್ನರ್ ಬಂಗಲೆ ಮೇಲೆ ನಮ್ಮ ಮಿಗ್-21ಗಳು ರಾಕೆಟ್ ಹಾಕಿದ್ವು, ಗವರ್ನರ್ ಮಲಿಕ್ ಅಲ್ಲೇ ರಾಜೀನಾಮೆ ಬರೆದುಕೊಟ್ರು. 15ರ ಸಂಜೆಯಿಂದ ನಮ್ಮ ಸೇನಾ ಮುಖ್ಯಸ್ಥ ಮಾಣೆಕ್ ಷಾ ವಿಮಾನ ದಾಳಿ ನಿಲ್ಲಿಸಿ ಶರಣಾಗೋಕೆ ಟೈಮ್ ಕೊಟ್ರು. 16ರ ಬೆಳಿಗ್ಗೆ ನಮ್ಮ ಮೇಜರ್ ಜನರಲ್ ನಾಗ್ರಾ ಢಾಕಾ ಅಂಚಿನ ಮಿರ್ಪುರ ಸೇತುವೆಗೆ ಬಂದ್ರು, ಅವರಿಗೂ ನಿಯಾಜಿಗೂ ಮುಂಚಿಂದ ಪರಿಚಯ, ಹಾಗಾಗಿ ಒಂದು ಚೀಟಿ ಬರೆದು ಕಳಿಸಿದ್ರು, ನಾನು ಬಂದಿದೀನಿ ಅಬ್ದುಲ್ಲಾ, ಆಟ ಮುಗೀತು, ನನ್ನ ಕೈಗೆ ಬಂದ್ರೆ ನಿನ್ನನ್ನ ನೋಡ್ಕೋತೀನಿ ಅನ್ನೋ ಅರ್ಥದಲ್ಲಿ. ಮಧ್ಯಾಹ್ನದ ಹೊತ್ತಿಗೆ ಜೇಕಬ್ ಶರಣಾಗತಿಯ ಕರಡು ಹಿಡ್ಕೊಂಡು ಢಾಕಾಗೆ ಹಾರಿ ಬಂದು ನಿಯಾಜಿ ಮುಂದೆ ಇಟ್ರು.

ಸಂಜೆ ನಾಲ್ಕೂವರೆ ಸುಮಾರಿಗೆ ರಮ್ನಾ ರೇಸ್ ಕೋರ್ಸ್ ಮೈದಾನದಲ್ಲಿ ಸಹಿ. ಬಯಲಲ್ಲಿ ಒಂದು ಮೇಜು ಎರಡು ಕುರ್ಚಿ, ಸುತ್ತ ಸಾವಿರಾರು ಜನ. ನಿಯಾಜಿ ಭುಜದ ಪಟ್ಟಿ ತೆಗೆದು, ರಿವಾಲ್ವರ್ ಅರೋರಾ ಕೈಗೆ ಒಪ್ಪಿಸಿದ್ರು. ಆ ಫೋಟೋದಲ್ಲಿ ಹಿಂದೆ ನಿಂತಿರೋರನ್ನ ಗಮನ ಇಟ್ಟು ನೋಡಿ, ನೌಕಾಪಡೆಯ ವೈಸ್ ಅಡ್ಮಿರಲ್ ಕೃಷ್ಣನ್, ವಾಯುಪಡೆಯ ದಿವಾನ್, ಸಗತ್ ಸಿಂಗ್, ಜೇಕಬ್. ಮೈಕ್ ಹಿಡ್ಕೊಂಡು ಮುಂದೆ ಬಾಗಿರೋರು ಆಕಾಶವಾಣಿಯವರು. ಅದೇ ಸಂಜೆ ಲೋಕಸಭೆಯಲ್ಲಿ ಇಂದಿರಾ ಗಾಂಧಿ ಎದ್ದು ನಿಂತು ಢಾಕಾ ಈಗ ಸ್ವತಂತ್ರ ದೇಶದ ಸ್ವತಂತ್ರ ರಾಜಧಾನಿ ಅಂದ್ರು.

ಜಾಗ ಯಾಕೆ ಅದೇ ಅನ್ನೋದೇ ಮುಖ್ಯ. ಅದೇ ರೇಸ್ ಕೋರ್ಸ್‌ನಲ್ಲಿ ಅದೇ ವರ್ಷ ಮಾರ್ಚ್ 7ಕ್ಕೆ ಮುಜೀಬರು ಲಕ್ಷಾಂತರ ಜನರ ಮುಂದೆ ಈ ಸಲದ ಹೋರಾಟ ಸ್ವಾತಂತ್ರ್ಯದ ಹೋರಾಟ ಅಂತ ಭಾಷಣ ಮಾಡಿದ್ದು. ಮಾತು ಹುಟ್ಟಿದ ನೆಲದಲ್ಲೇ ಸೈನ್ ಆಯ್ತು. ಜನವರಿ 10ಕ್ಕೆ ವಾಪಸ್ ಬಂದಾಗ ಅವರು ನೇರ ಹೋಗಿದ್ದೂ ಅಲ್ಲಿಗೇ. ಈಗ ಅದು ಸುಹ್ರವರ್ದಿ ಉದ್ಯಾನ. ಇಷ್ಟೆಲ್ಲ ಒಂದೇ ಮೈದಾನದಲ್ಲಿ ಆಗಿರುವಾಗ ಬೇರೆ ಯಾವ ತಾರೀಕು ಇಟ್ಟಿದ್ರೂ ಢಾಕಾ ಜನ ಒಪ್ತಿರಲಿಲ್ಲ.

ಜೋಳದರೊಟ್ಟಿ:
ಭಾಳ ಚೊಲೋ ಬರದೀರಿ ಸರ್. ನಂದೊಂದು ಪ್ರಶ್ನೆ ಅದ. ಆ ಫೋಟೋದಾಗ ಬಾಂಗ್ಲಾದವ್ರು ಎಲ್ಲಿ ಅದಾರ? ಅವರ ಯುದ್ಧ, ಅವರ ಊರು, ಅವರ ಜನ ಸತ್ತದ್ದು, ಮೇಜಿನ ಮುಂದ ಮಾತ್ರ ಭಾರತ ಪಾಕಿಸ್ತಾನದವ್ರು ಇಬ್ಬರ ಕುಂತಾರ. ಢಾಕಾದಾಗ ಇದರ ಬಗ್ಗೆ ಇವತ್ತಿಗೂ ನೋವು ಅದ ಅಂತಾರ, ಅದು ತಪ್ಪಲ್ಲ ಅನಸ್ತದ ನನಗ.

ಹಳೇರೇಡಿಯೋ:
ನೋವಿದೆ, ನಿಜ. ಮುಕ್ತಿ ಬಾಹಿನಿ ಮುಖ್ಯಸ್ಥ ಕರ್ನಲ್ ಉಸ್ಮಾನಿ ಅವತ್ತು ಢಾಕಾದಲ್ಲಿ ಇರಲಿಲ್ಲ, ಅವರ ಪರವಾಗಿ ಉಪಮುಖ್ಯಸ್ಥ ಎ. ಕೆ. ಖಂಡ್ಕರ್ ಬಂದಿದ್ರು, ಗುಂಪಲ್ಲಿ ಇದ್ದಾರೆ. ಆದ್ರೆ ಪತ್ರದ ಒಕ್ಕಣೆ ಓದಿ ಜೋಳದರೊಟ್ಟಿಯವರೇ, ಪಾಕಿಸ್ತಾನದ ಪೂರ್ವ ಪಡೆ ಶರಣಾಗಿದ್ದು ಭಾರತ ಮತ್ತು ಬಾಂಗ್ಲಾದೇಶ ಪಡೆಗಳ ಕಮಾಂಡರ್ ಆಗಿ ಅರೋರಾಗೆ, ಬರೀ ಭಾರತದ ಜನರಲ್‌ಗೆ ಅಲ್ಲ. ಬಾಂಗ್ಲಾದೇಶದ ಹೆಸರು ಆ ಕಾಗದದಲ್ಲಿದೆ. ಭಾರತ ಡಿಸೆಂಬರ್ 6ಕ್ಕೇ ಬಾಂಗ್ಲಾಗೆ ಮಾನ್ಯತೆ ಕೊಟ್ಟಿತ್ತಲ್ಲ, ಅದೇ ದಿನ ಭೂತಾನ್ ಕೂಡ, ಅದಕ್ಕೇ ಈ ರೀತಿ ಬರೆಯೋಕೆ ಆಗಿದ್ದು.

ಗಡಿನಾಡಿಗ:
ನಾನು ಜೋಳದರೊಟ್ಟಿಯವರ ಕಡೆ. ಕಾಗದದಲ್ಲಿ ಹೆಸರಿದ್ರೆ ಸಾಲದು, ಮೇಜಿನ ಮುಂದೆ ಮೂರನೇ ಕುರ್ಚಿ ಹಾಕಬಹುದಿತ್ತು. ನಾವು ಇಲ್ಲಿ ಕೂತು ಬರೀ ಇಂಡಿಯಾ ಪಾಕಿಸ್ತಾನ ಯುದ್ಧ ಗೆದ್ದ ದಿನ ಅಂದುಬಿಟ್ರೆ ಆ ಕಡೆಯವರಿಗೆ ಎದೆಗೆ ಚುಚ್ಚಿದ ಹಾಗೆ ಆಗುತ್ತೆ. ಅವರಲ್ಲಿ ಬರೀ ನಮ್ಮ ಯುದ್ಧ ಅಂದ್ರೆ ಗಂಗಾಸಾಗರದಲ್ಲಿ ಬಂಕರ್ ಬಂಕರ್ ಹಿಡೀತಾ ಸತ್ತ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಯಾರಿಗಾಗಿ ಸತ್ತ? 1971ರಲ್ಲಿ ನಾಲ್ಕು ಪರಮವೀರ ಚಕ್ರ ಬಂತು, ಪೂರ್ವದ ರಂಗಕ್ಕೆ ಬಂದಿದ್ದು ಅದೊಂದೇ. ಎರಡೂ ರಂಗ ಸೇರಿ ನಮ್ಮವರು 3,800ಕ್ಕೂ ಜಾಸ್ತಿ ಜನ ಹೋದ್ರು. ಎರಡೂ ಕಡೆಯವರು ಪೂರ್ತಿ ಹೇಳಬೇಕು.

ಸಂಜೆಗಾಳಿ:
ಮತ್ತೆ 93,000 ಸೈನಿಕರು ಶರಣಾದ್ರು ಅಂತ ಎಲ್ಲ ಕಡೆ ಇರುತ್ತಲ್ಲ, ಅಷ್ಟೂ ಜನ ಸೈನಿಕರೇನಾ?

ಮಲೆನಾಡಮಳೆ:
ಇಲ್ಲ, ಆ ಸಂಖ್ಯೆಯಲ್ಲಿ ಅರೆಸೇನಾಪಡೆ, ಪೊಲೀಸರು, ಸರ್ಕಾರಿ ನೌಕರರು, ಅವರ ಮನೆಯವರು ಎಲ್ಲ ಸೇರಿದ್ದಾರೆ. ಸೈನಿಕರಷ್ಟೇ ಅಂತ ಫಾರ್ವರ್ಡ್ ಮಾಡೋದು ಸರಿಯಲ್ಲ. ಅವರನ್ನ ಜಿನೀವಾ ಒಪ್ಪಂದದ ಪ್ರಕಾರ ನೋಡ್ಕೋತೀವಿ ಅಂತ ಶರಣಾಗತಿ ಪತ್ರದಲ್ಲೇ ಮಾತು ಕೊಟ್ಟಿದ್ರು. ಅವರನ್ನೆಲ್ಲ ಭಾರತದ ಕ್ಯಾಂಪ್‌ಗಳಲ್ಲಿ ಇಟ್ಟು, 1973ರ ದೆಹಲಿ ಒಪ್ಪಂದ ಆದ ಮೇಲೆ ಕಳಿಸೋಕೆ ಶುರು ಮಾಡಿ 1974ರ ಏಪ್ರಿಲ್ ಹೊತ್ತಿಗೆ ಮುಗಿಸಿದ್ರು. ನನ್ನ ದೃಷ್ಟಿಯಲ್ಲಿ ನಮ್ಮ ಸೇನೆ ಹೆಮ್ಮೆ ಪಡಬೇಕಾದ್ದು ಇದಕ್ಕೂ ಹೌದು.

ಕಾವೇರಿತೀರ:
ಎಲ್ರೂ ಎಷ್ಟು ಚೆನ್ನಾಗಿ ಬರೀತಿದೀರಿ, ಥ್ಯಾಂಕ್ಸ್. ಹಾಗಾದ್ರೆ ನಮ್ಮಲ್ಲಿ ರಜೆ ಯಾಕಿಲ್ಲ ಅನ್ನೋದು ಉಳೀತು. ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ರಷ್ಯಾದಲ್ಲಿ ಮೇ 9, ಟರ್ಕಿಯಲ್ಲಿ ಆಗಸ್ಟ್ 30, ಇಥಿಯೋಪಿಯಾದಲ್ಲಿ ಆಡ್ವಾ ಗೆದ್ದ ದಿನ, ಎಲ್ಲಾ ಕಡೆ ಸೇನೆ ಗೆದ್ದ ದಿನಕ್ಕೆ ರಾಷ್ಟ್ರೀಯ ರಜೆ ಇದೆಯಲ್ಲ.

ನಿವೃತ್ತಫೌಜಿ:
ನಮಸ್ಕಾರ. ನಾನು ಸೇನೇಲಿ ಇದ್ದವನು, 71ರ ಆಮೇಲಿನ ತಲೆಮಾರು. ನಮಗಿರೋ ರಾಷ್ಟ್ರೀಯ ರಜೆ ಮೂರೇ, ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಮೂರರಲ್ಲಿ ಒಂದೂ ಯುದ್ಧ ಗೆದ್ದ ದಿನ ಅಲ್ಲ. ಕಾರಿಯಪ್ಪನವರು 1949ರಲ್ಲಿ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಜನವರಿ 15 ಸೇನಾ ದಿನ, ಅದಕ್ಕೂ ರಜೆ ಇಲ್ಲ. ಡಿಸೆಂಬರ್ 4 ನೌಕಾ ದಿನ, ಅದು ಇದೇ 1971ರಲ್ಲಿ ನಮ್ಮ ಮಿಸೈಲ್ ಬೋಟುಗಳು ಕರಾಚಿ ಬಂದರಿಗೆ ನುಗ್ಗಿ ಹೊಡೆದ ನೆನಪಿಗೆ, ಅದಕ್ಕೂ ಇಲ್ಲ. ಜುಲೈ 26 ಕಾರ್ಗಿಲ್ ವಿಜಯ್ ದಿವಸ್, ಅದಕ್ಕೂ ಇಲ್ಲ. ಇದು ಸರಿಯಾಗೇ ಇದೆ ಕಾವೇರಿತೀರ ಅವರೇ. ನಮ್ಮ ದೇಶ ಹುಟ್ಟಿದ್ದು ರಣರಂಗದಲ್ಲಿ ಅಲ್ಲ, ಬಾಂಗ್ಲಾ ಹುಟ್ಟಿದ್ದು ರಣರಂಗದಲ್ಲಿ. ಅವರಿಗೆ 16 ಅಂದ್ರೆ ದೇಶದ ಹುಟ್ಟು, ನಮಗೆ ಅದು ಸೇನೆಯ ದೊಡ್ಡ ಗೆಲುವು. ಎರಡಕ್ಕೂ ಬೇರೆ ಬೇರೆ ತೂಕ ಇದೆ. ಜನ ಮನೇಲಿ ಮಲಗಲಿ ಅಂತ ರಜೆ ಕೊಡೋದಕ್ಕಿಂತ ಅವತ್ತು ಸ್ಕೂಲ್ ಓಪನ್ ಇಟ್ಟು ಮಕ್ಕಳಿಗೆ ಬೋಯ್ರಾ, ಹಿಲಿ, ಗಂಗಾಸಾಗರದ ಕಾಳಗ ಅಂದ್ರೆ ಏನು ಅಂತ ಹೇಳಲಿ. ಬೋಯ್ರಾ ಮೇಲೆ ನವೆಂಬರ್ 22ಕ್ಕೆ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳನ್ನ ಅಟ್ಟಾಡಿಸಿದ್ದು ನಮ್ಮ ಪುಟ್ಟ ನ್ಯಾಟ್ ವಿಮಾನಗಳು, ಆ ನ್ಯಾಟ್‌ಗಳು ತಯಾರಾಗ್ತಿದ್ದಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ನಮ್ಮ ಎಷ್ಟು ಹುಡುಗರಿಗೆ ಇದು ಗೊತ್ತಿದೆ ಹೇಳಿ?

ಕಾವೇರಿತೀರ:
ಸರ್ ನಿಮ್ಮ ಮಾತಿಗೆ ಗೌರವ ಇದೆ ಆದ್ರೂ ನಾನು ಒಪ್ಪಲ್ಲ. ರಜೆ ಅಂದ್ರೆ ಮಲಗೋದಷ್ಟೇ ಅಂತ ಯಾಕೆ ಅಂದ್ಕೋಬೇಕು, ಆಗಸ್ಟ್ 15ಕ್ಕೆ ಮಕ್ಕಳು ಬೆಳಿಗ್ಗೆ ಎದ್ದು ಸ್ಕೂಲಿಗೆ ಹೋಗಿ ಬಾವುಟ ಹಾರಿಸಿ ಬರ್ತಾರೆ ತಾನೇ. ದಿನ ಅಂತ ಒಂದು ಇದ್ರೇನೇ ಊರಿಗೆ ಊರು ಸೇರೋದು.

ಜೋಳದರೊಟ್ಟಿ:
ಫೌಜಿ ಸರ್ ಹೇಳಿದ್ದು ನನಗ ಸರಿ ಅನಸ್ತದ. ಅದರ ಮ್ಯಾಲ ಒಂದು ಮಾತು. ಬಾಂಗ್ಲಾದವ್ರು 16ನೇ ತಾರೀಖನ್ನ ಬರೇ ಯುದ್ಧದ ದಿನ ಅಂತ ಬಿಡಲಿಲ್ಲ ನೋಡ್ರಿ. ಅವರ ಸಂವಿಧಾನ 1972ರ ನವೆಂಬರ್ 4ಕ್ಕ ಪಾಸಾತು, ಜಾರಿಗೆ ತಂದದ್ದು ಮಾತ್ರ ಡಿಸೆಂಬರ್ 16ಕ್ಕ! ನಮ್ಮವ್ರು 1949ರ ನವೆಂಬರ್ 26ಕ್ಕ ಅಂಗೀಕಾರ ಮಾಡಿ, ಪೂರ್ಣ ಸ್ವರಾಜ್ಯದ ನೆನಪಿಗೆ ಜನವರಿ 26ರ ತನಕ ಕಾದ್ರಲ್ಲ, ಹಂಗ. ಅದೇ ದಿನ ಢಾಕಾ ಹತ್ರದ ಸಾವರ್‌ದಾಗ ಹುತಾತ್ಮರ ಸ್ಮಾರಕಕ್ಕ ಮುಜೀಬರು ಅಡಿಗಲ್ಲು ಇಟ್ಟರು. ಮುಗದದ್ದು 1982ರಾಗ, ಸೈಯದ್ ಮೈನುಲ್ ಹುಸೇನ್ ಅನ್ನೋ ವಾಸ್ತುಶಿಲ್ಪಿ ವಿನ್ಯಾಸ, ಏಳು ಜೋಡಿ ತ್ರಿಕೋನ ಗೋಡಿ, 150 ಅಡಿ ಎತ್ತರ, 1952ರ ಭಾಷಾ ಚಳವಳಿಯಿಂದ 1971ರ ತನಕ ಏಳು ಹಂತ ಅಂತ. ಭಾಷೆಗಾಗಿ ಜೀವ ಕೊಟ್ಟಲ್ಲಿಂದ ಲೆಕ್ಕ ಶುರು ಮಾಡ್ಯಾರ ಅನ್ನೋದು, ಕನ್ನಡದ ಮಂದಿ ನಾವು, ನಮಗ ಎದಿಗೆ ತಟ್ಟಬೇಕು. ಮೊದಲನೇ ವರ್ಷದಾಗನ ಸಂವಿಧಾನ, ಸ್ಮಾರಕ ಎರಡೂ ಈ ದಿನಕ್ಕ ಗಂಟು ಹಾಕಿದ್ರು, ಅದಕ್ಕ ಇದು ಗಟ್ಟಿ ನಿಂತದ.

ಸಂಜೆಗಾಳಿ:
ಅಯ್ಯೋ ಸಂವಿಧಾನದ ವಿಷಯ ಗೊತ್ತೇ ಇರಲಿಲ್ಲ, ಎಂಥ ಚಂದದ ಯೋಚನೆ. ಡಿಸೆಂಬರ್ 14ಕ್ಕೂ ಏನೋ ಆಚರಣೆ ಇದೆ ಅಲ್ವಾ ಅಲ್ಲಿ?

ಮಲೆನಾಡಮಳೆ:
ಹುತಾತ್ಮ ಬುದ್ಧಿಜೀವಿಗಳ ದಿನ. ಸೋಲು ಖಚಿತ ಅಂತ ಗೊತ್ತಾದ ಮೇಲೆ ಪಾಕ್ ಸೇನೆ ಮತ್ತೆ ಅದರ ಜೊತೆಗಿದ್ದ ಅಲ್ ಬದರ್ ಗುಂಪಿನವರು ಪ್ರೊಫೆಸರ್‌ಗಳು, ಡಾಕ್ಟರ್‌ಗಳು, ಪತ್ರಕರ್ತರು, ಬರಹಗಾರರನ್ನ ಮನೆಮನೆಯಿಂದ ಕಣ್ಣಿಗೆ ಬಟ್ಟೆ ಕಟ್ಟಿ ಎಳೆದುಕೊಂಡು ಹೋದ್ರು, ಆಮೇಲೆ ರಾಯರ್‌ಬಜಾರಿನ ಇಟ್ಟಿಗೆ ಭಟ್ಟಿ ಹತ್ರ ಹೆಣಗಳು ಸಿಕ್ಕಿದ್ವು. ಕೈ ಹಿಂದಕ್ಕೆ ಕಟ್ಟಿದ ಹಾಗೇ ಇತ್ತು. ಇನ್ನೆರಡು ದಿನ ಕಳೆದಿದ್ರೆ ಬದುಕ್ತಿದ್ರು. ಅದಕ್ಕೇ ಅಲ್ಲಿ 16ರ ಹಬ್ಬಕ್ಕೆ ಎರಡು ದಿನ ಮುಂಚೆ ಶೋಕ ಇರುತ್ತೆ, ಒಂದನ್ನ ಬಿಟ್ಟು ಇನ್ನೊಂದು ಅರ್ಥ ಆಗಲ್ಲ. ನಾವು ಇಲ್ಲಿಂದ ನೋಡುವಾಗ ಬರೀ ಗೆಲುವು ಕಾಣುತ್ತೆ.

ನಿವೃತ್ತಫೌಜಿ:
ಮತ್ತೆ 16ಕ್ಕೆ ಎಲ್ಲ ಮುಗೀತು ಅಂತಾನೂ ಅಲ್ಲ. ಖುಲ್ನಾದಲ್ಲಿ ಪಾಕ್ ಪಡೆ ಶರಣಾಗಿದ್ದು 17ಕ್ಕೆ. ಮುಜೀಬರ ಹೆಂಡತಿ ಮಕ್ಕಳನ್ನ ಢಾಕಾದ ಧಾನ್‌ಮಂಡಿಯಲ್ಲಿ ಒಂದು ಮನೇಲಿ ಕೂಡಿಹಾಕಿದ್ರಲ್ಲ, ಅಲ್ಲಿ ಕಾವಲಿದ್ದ ಪಾಕ್ ಸೈನಿಕರಿಗೆ ಶರಣಾಗತಿ ಆದ ಸುದ್ದಿನೇ ಮುಟ್ಟಿರಲಿಲ್ಲ. 17ರ ಬೆಳಿಗ್ಗೆ ಮೇಜರ್ ಅಶೋಕ್ ತಾರಾ ತಮ್ಮ ಗನ್ ಪಕ್ಕಕ್ಕಿಟ್ಟು ಬರಿಗೈಲಿ ಗೇಟಿಗೆ ಹೋಗಿ, ಎದೆಗೆ ಬಂದೂಕು ಹಿಡಿದಿದ್ದ ಹುಡುಗನ ಜೊತೆ ಮಾತಾಡ್ತಾ ಮಾತಾಡ್ತಾ, ನೋಡಪ್ಪ ನಿಮ್ಮ ಸೇನೆ ಶರಣಾಗಿದೆ, ಮೇಲೆ ನಮ್ಮ ಹೆಲಿಕಾಪ್ಟರ್ ಹಾರ್ತಿದೆ, ನೀನು ಮನೆಗೆ ಹೋಗಬೇಕೋ ಬೇಡ್ವೋ ಅನ್ನೋ ಧಾಟೀಲಿ ಒಪ್ಪಿಸಿ ಎಲ್ಲರನ್ನೂ ಬಿಡಿಸಿದ್ರು. ಶೇಖ್ ಹಸೀನಾ ಕೂಡ ಆ ಮನೇಲೇ ಇದ್ರು. 2012ರಲ್ಲಿ ಬಾಂಗ್ಲಾ ಸರ್ಕಾರ ತಾರಾ ಅವರನ್ನ ಕರೆಸಿ ಗೌರವಿಸಿತು. ಒಂದೂ ಗುಂಡು ಹಾರಿಸದೆ ಗೆದ್ದ ಈ ಬೆಳಗಿನ ಕಥೆ ನಮ್ಮ ಹುಡುಗರಿಗೆ ಮೊದಲು ಹೇಳಬೇಕಾದ್ದು ಅಂತ ನಾನು ನಂಬಿರೋನು.

ಹಳೇರೇಡಿಯೋ:
ಫೌಜಿ ಸರ್, ಅದ್ಭುತ. ಮಿರ್ಪುರದ್ದೂ ಸೇರಿಸ್ತೀನಿ. ನಾಗ್ರಾ ಬಂದು ನಿಂತಿದ್ದ ಸೇತುವೆ ಆಚೆಯ ಅದೇ ಮಿರ್ಪುರ, ಢಾಕಾದ್ದೇ ಬಡಾವಣೆ, ಪಾಕಿಸ್ತಾನದ ಪರ ಇದ್ದ ಸಶಸ್ತ್ರ ಗುಂಪುಗಳು ಅಲ್ಲಿ ಆಯುಧ ಕೆಳಗಿಡಲೇ ಇಲ್ಲ. ಸಿನಿಮಾ ನಿರ್ದೇಶಕ ಜಹೀರ್ ರೈಹಾನ್ ಅವರ ಅಣ್ಣ, ಲೇಖಕ ಶಹೀದುಲ್ಲಾ ಕೈಸರ್‌ರನ್ನ ಡಿಸೆಂಬರ್ 14ಕ್ಕೆ ಎಳೆದೊಯ್ದಿದ್ರು, ಅವರನ್ನ ಹುಡುಕ್ಕೊಂಡು ಜನವರಿ 30ಕ್ಕೆ ಮಿರ್ಪುರಕ್ಕೆ ಹೋದ ಜಹೀರ್ ವಾಪಸ್ ಬರಲೇ ಇಲ್ಲ. ಮಾರನೇ ದಿನ, 1972ರ ಜನವರಿ 31ಕ್ಕೆ ಮಿರ್ಪುರ ಬಿಡುಗಡೆ ಆಯ್ತು, ಅಲ್ಲಿಯವರು ಈಗಲೂ ಆ ದಿನಾನ ಬೇರೆಯಾಗಿ ಆಚರಿಸ್ತಾರೆ.

ಕಾವೇರಿತೀರ:
ಒಂದು ನಿಮಿಷ ಸರ್. ಅಂದ್ರೆ ಜನವರಿ 22ಕ್ಕೆ ಡಿಸೆಂಬರ್ 16 ವಿಜಯ ದಿನ ಅಂತ ಅಧಿಸೂಚನೆ ಹೊರಟಾಗ ರಾಜಧಾನಿಯ ಒಂದು ಭಾಗ ಇನ್ನೂ ಕೈಗೇ ಬಂದಿರಲಿಲ್ಲ?

ಹಳೇರೇಡಿಯೋ:
ಹೌದು. ಬಂದಿರಲಿಲ್ಲ.